ಹನ್ನೆರಡು ಟ್ಯಾಂಕು, ಒಂದೊಂದಕ್ಕೂ ಒಂದು ಗೆರೆ

ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದ ತಕ್ಷಣ ನಾನು ಮೊದಲು ನೋಡುವುದು ಪ್ರಾಣಿಗಳನ್ನಲ್ಲ, ಗೆರೆಯನ್ನು. ನಮ್ಮ ಒಂದೊಂದು ಗಾಜಿನ ಟ್ಯಾಂಕಿನ ಮೇಲೂ ಕಪ್ಪು ಮಾರ್ಕರ್‌ನಲ್ಲಿ ಎಳೆದ ಗೆರೆ ಇದೆ. ರಾತ್ರಿ ಕಳೆಯುವಷ್ಟರಲ್ಲಿ ನೀರು ಅದಕ್ಕಿಂತ ಎಷ್ಟು ಕೆಳಗೆ ಇಳಿದಿದೆ ಅಂತ ನೋಡುತ್ತೇನೆ. ಅಳತೆ ಲೋಟದಲ್ಲಿ ಸಿಹಿ ನೀರು ತುಂಬಿಕೊಂಡು ಗೆರೆ ಮುಟ್ಟುವವರೆಗೆ ನಿಧಾನವಾಗಿ ಸುರಿಯುತ್ತೇನೆ. ಹನ್ನೆರಡು ಟ್ಯಾಂಕಿಗೂ. ಎಷ್ಟೆಷ್ಟು ಸುರಿದೆ ಅಂತ ಪುಸ್ತಕದಲ್ಲಿ ಬರೆಯುತ್ತೇನೆ. ಕಾಫಿ ಏನಿದ್ದರೂ ಅದಾದ ಮೇಲೆ.

ಮೈಸೂರಿನಲ್ಲಿ ಕೂತು ಹವಳದ ಮೇಲೆ ಪ್ರಯೋಗ ಮಾಡುತ್ತೇನೆ ಅಂದರೆ ಕೇಳಿದವರಿಗೆ ಅರ್ಥವಾಗುವುದಿಲ್ಲ. ಘಾಟಿ ಇಳಿದು ಮಂಗಳೂರು ಮುಟ್ಟಬೇಕಾದರೆ ಸುಮಾರು 250 ಕಿಲೋಮೀಟರ್. ಜೊತೆಗೆ ನಮ್ಮ ಕಡೆ ಹವಳ ಅಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲು. ಅದು ಕಲ್ಲಲ್ಲ, ಪ್ರಾಣಿಯ ಎಲುಬು ಅಂತ ಹೇಳಿದರೆ ನಮ್ಮತ್ತೆ ಈಗಲೂ ಉಂಗುರವನ್ನೊಮ್ಮೆ ನೋಡಿಕೊಳ್ಳುತ್ತಾರೆ. ಉಂಗುರದ ಕೆಂಪು ಹವಳ ಬೇರೆ ಜಾತಿ. ನಾನು ಹೇಳುತ್ತಿರುವುದು ದಿಬ್ಬ ಕಟ್ಟುವ ಹವಳದ ಬಗ್ಗೆ. ಲಕ್ಷದ್ವೀಪ ಇಡೀ ಅದರ ಮೇಲೆ ನಿಂತಿದೆ. ನಮ್ಮ ರಾಜ್ಯದಲ್ಲೂ ಇದೆ, ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ.

ಆ ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬಿಸಿಲು ಹಿಡಿದು ಅಡುಗೆ ಮಾಡುವುದು ಪಾಚಿ, ಊಟದಲ್ಲಿ ದೊಡ್ಡ ಪಾಲು ಹವಳಕ್ಕೆ. ಆ ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳಲ್ಲಿ ನೀರು ಸಾಮಾನ್ಯವಾಗಿ ಎಷ್ಟು ಬೆಚ್ಚಗಿರುತ್ತದೋ, ಅದಕ್ಕಿಂತ ಬರೀ 1 ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಈ ಸಂಸಾರ ಒಡೆಯುತ್ತದೆ. ಬಿಸಿಗೆ ಪಾಚಿಯ ಒಳಗಿನ ಯಂತ್ರ ಕೆಟ್ಟು ವಿಷದಂಥ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ, ಚರ್ಮದ ಮೂಲಕ ಬಿಳಿ ಎಲುಬು ಕಾಣುತ್ತದೆ. ಅದೇ ಬಿಳಿಚಿಕೊಳ್ಳುವುದು. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ದೊಡ್ಡ ಮಟ್ಟದಲ್ಲಿ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ, ಇಡೀ ಭೂಮಿಯ ಹವಳಗಳು ಒಟ್ಟಿಗೆ ಬಿಳಿಚಿಕೊಳ್ಳುತ್ತಿರುವುದು ಇದು ನಾಲ್ಕನೇ ಸಲ ಅಂತ ವಿಜ್ಞಾನಿಗಳು ಘೋಷಿಸಿದರು. ಆ ಸುದ್ದಿ ಓದಿದ ದಿನ ಮೈಸೂರಿನಲ್ಲೂ ಸೆಖೆ ತಡೆಯೋಕಾಗುತ್ತಿರಲಿಲ್ಲ. ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ.

ಇದನ್ನೆಲ್ಲ ಸಮುದ್ರದಲ್ಲೇ ನೋಡಬಹುದಲ್ವಾ, ಟ್ಯಾಂಕು ಯಾಕೆ? ಸಮುದ್ರದಲ್ಲಿ ಎಲ್ಲವೂ ಒಟ್ಟಿಗೆ ಬದಲಾಗುತ್ತದೆ. ನೀರು ಬಿಸಿಯಾದ ತಿಂಗಳಲ್ಲೇ ಗಾಳಿ ನಿಂತಿರುತ್ತದೆ, ನೀರು ತಿಳಿಯಾಗಿರುತ್ತದೆ, ಬಿಸಿಲು ಆಳಕ್ಕೆ ಇಳಿಯುತ್ತದೆ. ಹವಳ ಬಿಳಿಚಿಕೊಂಡಿದ್ದು ಬಿಸಿಗೋ ಬೆಳಕಿಗೋ, ಎರಡೂ ಸೇರಿದ್ದಕ್ಕೋ ಅಂತ ಬಿಡಿಸಿ ಹೇಳಬೇಕಾದರೆ ಎಲ್ಲವನ್ನೂ ಕಟ್ಟಿಹಾಕಿ ಒಂದನ್ನು ಮಾತ್ರ ಬಿಡಬೇಕು. 1928-29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿಗೆ ಬ್ರಿಟಿಷ್ ವಿಜ್ಞಾನಿ ಸಿ.ಎಂ. ಯೋಂಗ್ ಅವರ ತಂಡ ಹೋಗಿತ್ತು. ಲೋ ಐಲ್ಸ್ ಎಂಬ ಪುಟ್ಟ ದ್ವೀಪದಲ್ಲಿ ಒಂದು ವರ್ಷ ಇದ್ದು, ಅವರೂ ಮಾಡಿದ್ದು ಇದನ್ನೇ. ಹವಳಕ್ಕೆ ಕತ್ತಲು ಕಟ್ಟಿ ನೋಡಿದರು, ಬಿಸಿ ಕೊಟ್ಟು ನೋಡಿದರು. ಪಾಚಿ ಹೊರಬರುವುದನ್ನು ಬರೆದಿಟ್ಟರು. ಸುಮಾರು ನೂರು ವರ್ಷದ ಹಿಂದೆ, ಕರೆಂಟಿನ ಹೀಟರ್ ಆಗಲಿ ಎಲ್‌ಇಡಿ ಆಗಲಿ ಇಲ್ಲದೆ.

ನಮ್ಮ ಲ್ಯಾಬಿನಲ್ಲಿ ಹವಳವೇ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಿಬ್ಬ ಕಟ್ಟುವ ಎಲ್ಲ ಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿವೆ. ಹುಲಿ ಇರುವ ಪಟ್ಟಿ ಅದು. ಅನುಮತಿ ಇಲ್ಲದೆ ಒಂದು ತುಂಡನ್ನೂ ಮುಟ್ಟುವ ಹಾಗಿಲ್ಲ. ಆ ಕಾನೂನು ಸರಿಯಾಗಿಯೇ ಇದೆ ಅಂತ ನಾನು ಮನಸಾರೆ ಹೇಳುತ್ತೇನೆ. ಕಲಿಯುವವರ ಕೈಗೆ, ಟ್ಯಾಂಕು ನೆಟ್ಟಗೆ ನಡೆಸಲು ಬರುವ ಮುಂಚೆ, ಹವಳ ಸಿಗಲೇಬಾರದು. ನಾವು ಇಟ್ಟುಕೊಂಡಿರುವುದು ಅದರ ನೆಂಟ, ಐಪ್ಟೇಸಿಯಾ ಎಂಬ ಪುಟ್ಟ ಕಡಲ ಹೂವು. ಸೀ ಅನಿಮೋನ್ ಅಂತಾರಲ್ಲ, ಅದರಲ್ಲಿ ಒಂದು ಜಾತಿ. ಎಲುಬು ಕಟ್ಟುವುದಿಲ್ಲ, ಆದರೆ ಮೈಯೊಳಗೆ ಹವಳದಲ್ಲಿರುವಂಥದ್ದೇ ಪಾಚಿ. ಬಿಸಿಗೆ ಹವಳದ ಹಾಗೇ ಬಿಳಿಚಿಕೊಳ್ಳುತ್ತದೆ. ಪಾಚಿ ಹೋದ ಮೇಲೂ ಊಟ ಹಾಕುತ್ತಿದ್ದರೆ ತಿಂಗಳುಗಟ್ಟಲೆ ಬದುಕುತ್ತದೆ. ಇದು ಹೆಚ್ಚಿನ ಹವಳಗಳ ಕೈಲಾಗದ ಕೆಲಸ. ಹಾಗಾಗಿಯೇ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಹವಳದ ಬದಲಿಗೆ ಇದನ್ನು ಸಾಕುತ್ತಾರೆ. 2015ರಲ್ಲಿ ಇದರ ಜೀನೋಮನ್ನೂ ಪೂರ್ತಿ ಓದಿ ಪ್ರಕಟಿಸಿದರು.

ಸಮುದ್ರದ ಮೀನು ಸಾಕುವವರಿಗೆ ಐಪ್ಟೇಸಿಯಾ ಅಂದರೆ ನಮ್ಮ ಗದ್ದೆಗೆ ಪಾರ್ಥೇನಿಯಂ ಇದ್ದ ಹಾಗೆ. ಜಾಗ ಬದಲಾಯಿಸುವಾಗ ಪಾದದ ಚೂರು ಹರಿದು ಉಳಿದರೂ ಆ ಚೂರೇ ಇನ್ನೊಂದು ಹೂವಾಗುತ್ತದೆ. ಕುವೆಂಪುನಗರದಲ್ಲಿ ಕ್ಲೌನ್ ಮೀನು ಸಾಕುವ ಗೆಳೆಯರೊಬ್ಬರು, ಫಿಲ್ಟರಿನ ಪಿಂಗಾಣಿ ಉಂಗುರಕ್ಕೆ ಅಂಟಿಕೊಂಡಿದ್ದ ಮೂರನ್ನು ಡಬ್ಬಿಯಲ್ಲಿ ಹಾಕಿಕೊಟ್ಟರು. ನಮ್ಮಲ್ಲಿ ಈಗ ಇರುವುದೆಲ್ಲ ಆ ಮೂರರಲ್ಲಿ ಒಂದರ ಸಂತಾನ. ಎಲ್ಲವೂ ಅಚ್ಚು ಒತ್ತಿದ ಹಾಗೆ ಒಂದೇ. ಪ್ರಯೋಗಕ್ಕೆ ಬೇಕಾಗಿದ್ದೂ ಅದೇ.

ಈಗ ನೀರಿನ ವಿಷಯ. ಅಡುಗೆ ಉಪ್ಪು ಕರಗಿಸಿದರೆ ಸಾಲದಾ ಅಂತ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಸುಮಾರು 30 ಗ್ರಾಂ ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನದೇ ಸರಕು. ಜೀವ ಇರುವುದು ಉಳಿದ 5 ಗ್ರಾಂನಲ್ಲಿ. ಮೆಗ್ನೀಷಿಯಂ 1.3 ಗ್ರಾಂ, ಕ್ಯಾಲ್ಸಿಯಂ ಬರೀ 0.4 ಗ್ರಾಂ. ಆ 0.4 ಗ್ರಾಂನಿಂದಲೇ ಹವಳಗಳು ದ್ವೀಪ ಕಟ್ಟಿರುವುದು. ಹಾಗಾಗಿ ನಾವು ಅಕ್ವೇರಿಯಂಗೆ ಅಂತಲೇ ಮಾಡಿದ ಸಮುದ್ರದ ಉಪ್ಪು ತರಿಸುತ್ತೇವೆ. ಅದನ್ನು ನಲ್ಲಿ ನೀರಿಗೆ ಹಾಕುವುದಿಲ್ಲ. ಕಾವೇರಿ ನೀರು ನಮಗೆ ಅಮೃತ, ಆದರೆ ನಲ್ಲಿಗೆ ಬರುವಷ್ಟರಲ್ಲಿ ಅದರಲ್ಲಿ ಕ್ಲೋರಿನ್ ಇರುತ್ತದೆ, ಹಿತ್ತಾಳೆಯ ನಲ್ಲಿಯಲ್ಲಿ ರಾತ್ರಿಯಿಡೀ ನಿಂತಿದ್ದರೆ ತಾಮ್ರದ ಅಂಶವೂ ಬರುತ್ತದೆ. ಮನುಷ್ಯರಿಗೆ ಲೆಕ್ಕಕ್ಕೇ ಬಾರದಷ್ಟು ತಾಮ್ರ ಈ ಜೀವಿಗಳನ್ನು ಕೊಲ್ಲುತ್ತದೆ. ಆದ್ದರಿಂದ ಆರ್‌ಓ ನೀರು, ಅದರ ಮೇಲೆ ಉಳಿದ ಲವಣವನ್ನೂ ತೆಗೆಯುವ ಡಿಅಯಾನೈಸರ್, ಕರಗಿದ ಲವಣ ಅಳೆಯುವ ಮೀಟರ್ ಸೊನ್ನೆ ತೋರಿಸಬೇಕು. ಗಾಳಿ ಪೈಪಿನ ವಾಲ್ವ್ ಕೂಡ ಪ್ಲಾಸ್ಟಿಕ್ಕಿನದೇ ಇರಲಿ.

ಕಲಸುವಾಗ ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರಲ್ಲ. ಉಲ್ಟಾ ಮಾಡಿದರೆ ತಳದಲ್ಲಿ ಗಟ್ಟಿ ದ್ರಾವಣವಾಗಿ ಕ್ಯಾಲ್ಸಿಯಂ ಸುಣ್ಣದ ಹಾಗೆ ಬೆಳ್ಳಗೆ ಕೂರುತ್ತದೆ, ಆಮೇಲೆ ಎಷ್ಟು ಕಲಸಿದರೂ ಕರಗುವುದಿಲ್ಲ. ಒಂದು ರಾತ್ರಿ ಪಂಪ್ ಹಾಕಿ ತಿರುಗಿಸಿ, ಬೆಳಿಗ್ಗೆ ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ. ಆ ಉಪಕರಣವನ್ನು ಬರೀ ಶುದ್ಧ ನೀರಿಟ್ಟು ಸೊನ್ನೆಗೆ ತಂದರೆ ಸಾಲದು. 35 ಅಂತ ಗೊತ್ತಿರುವ ದ್ರಾವಣ ಇಟ್ಟು ಸರಿ ಮಾಡಬೇಕು. ನಾವು ಅಳೆಯುವುದು 35ರ ಹತ್ತಿರ ತಾನೇ.

ಫಿಲ್ಟರ್ ಮಾತ್ರ ದುಡ್ಡಿಗೆ ಬರುವುದಿಲ್ಲ, ಕಾಯಬೇಕು. ಪ್ರಾಣಿಯ ಗಲೀಜಿನಿಂದ ಅಮೋನಿಯಾ ಬರುತ್ತದೆ. ಅದನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಇವು ಫಿಲ್ಟರಿನ ಪಿಂಗಾಣಿ ಉಂಗುರಗಳ ಮೇಲೆ ನೆಲೆಯೂರಲು 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಗೆಳೆಯರ ಹಳೇ ಟ್ಯಾಂಕಿನಿಂದ ಒಂದು ಹಿಡಿ ಪಿಂಗಾಣಿ ಉಂಗುರ ತಂದು ನಮ್ಮ ಹೊಸ ಉಂಗುರಗಳಿದ್ದ ಟಬ್ಬಿಗೆ ಹಾಕಿದೆವು. ದಿನಾ ಚೂರು ಅಮೋನಿಯಾ ಹನಿಸಿದೆವು. ಟೆಸ್ಟ್ ಟ್ಯೂಬಿನಲ್ಲಿ ಅಮೋನಿಯಾ ಇದೆ ಅಂತ ತೋರಿಸುವ ಹಸಿರು ಬಣ್ಣ ದಿನೇ ದಿನೇ ಹಳದಿಗೆ ತಿರುಗುವುದನ್ನು ಕಾದೆವು. ಹನ್ನೆರಡು ಟ್ಯಾಂಕಿನಲ್ಲಿ ಹನ್ನೆರಡು ಥರ ಹೆಪ್ಪು ಹಾಕಬಾರದು ಅಂತ ಎಲ್ಲವನ್ನೂ ಒಂದೇ ಟಬ್ಬಿನಲ್ಲಿ ಕಟ್ಟಿ, ಆಮೇಲೆ ಎಣಿಸಿ ಹಂಚಿದೆವು.

ಇನ್ನೊಂದು ವಿಷಯ ನನಗೆ ಮೊದಲು ಹೊಳೆದೇ ಇರಲಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಲ ತೀರಕ್ಕಿಂತ 8-9 ಪರ್ಸೆಂಟ್ ಕಮ್ಮಿ, ಹಾಗಾಗಿ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೂ ಅಷ್ಟೇ ಕಮ್ಮಿ. ಅದರ ಮೇಲೆ ನೀರನ್ನು ಬಿಸಿ ಮಾಡಿದರೆ ಇನ್ನೂ ಕಮ್ಮಿ. ಸಮುದ್ರ ತೀರದ ಲ್ಯಾಬಿನವರು ಬರೆದ ವಿಧಾನವನ್ನು ಓದಿ ಹಾಗೇ ಮಾಡಿದರೆ ಬಿಸಿ ಟ್ಯಾಂಕಿನ ಜೀವಿಗಳು ಬಿಸಿಗೆ ಸೊರಗಿದವೋ ಉಸಿರಿಗೆ ಸೊರಗಿದವೋ ಗೊತ್ತಾಗುವುದಿಲ್ಲ. ನಾವು ಎಲ್ಲ ಟ್ಯಾಂಕಿಗೂ ಗುಳ್ಳೆ ಬಿಡುವ ಗಾಳಿ ಕಲ್ಲು ಇಟ್ಟು, ಬಿಸಿ ಟ್ಯಾಂಕಿನಲ್ಲೂ ಬಿಸಿ ಮಾಡದ ಟ್ಯಾಂಕಿನಲ್ಲೂ ಆಮ್ಲಜನಕ ಅಳೆದು ನೋಡುತ್ತೇವೆ. ಆ ಗಾಳಿಯೂ ಕೋಣೆಯದೇ ಅಲ್ವಾ. ಸಂಜೆ ಸೊಳ್ಳೆ ಕಾಟ ಅಂತ ಲಿಕ್ವಿಡ್ ಮಶೀನ್ ಹಾಕಿದರೆ ಪಂಪು ಅದನ್ನೇ ಎಳೆದು ನೀರಿಗೆ ಊದುತ್ತದೆ. ಅದರಲ್ಲಿರುವ ಕೀಟನಾಶಕ ನೀರಿನ ಪ್ರಾಣಿಗಳಿಗೆ ಕೆಟ್ಟದ್ದು. ಕಿಟಕಿಗೆ ಜಾಲರಿ ಹೊಡೆಸಿಕೊಂಡೆವು.

ಗೆರೆಗೆ ವಾಪಸ್ ಬರುತ್ತೇನೆ. ಟ್ಯಾಂಕು ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗುತ್ತದೆ. ನಮ್ಮ ಟ್ಯಾಂಕು 10 ಲೀಟರಿನದು. ಬೇಸಿಗೆಯಲ್ಲಿ ಫ್ಯಾನ್ ಗಾಳಿಗೆ ದಿನಕ್ಕೆ ಕಾಲು ಲೀಟರ್ ಆವಿಯಾದರೆ, ಹೋಗುವುದು ನೀರು ಮಾತ್ರ, ಉಪ್ಪೆಲ್ಲ ಅಲ್ಲೇ. 35 ಇದ್ದದ್ದು ಮಾರನೇ ದಿನಕ್ಕೆ 35.9. ದಸರಾ ರಜೆ ಅಂತ ನಾಲ್ಕು ದಿನ ಬಿಟ್ಟರೆ ಒಂದು ಲೀಟರ್ ಹೋಗಿ 39ರ ಹತ್ತಿರ. ಬಿಸಿ ಟ್ಯಾಂಕಿನಲ್ಲಿ ಆವಿ ಇನ್ನೂ ಜಾಸ್ತಿ. ಆಗ ನಾನು ಪರೀಕ್ಷೆ ಮಾಡುತ್ತಿರುವುದು ಬಿಸಿಯನ್ನೋ ಉಪ್ಪನ್ನೋ? ಅದಕ್ಕೇ ಗೆರೆ, ಅದಕ್ಕೇ ಸಿಹಿ ನೀರು, ಅದಕ್ಕೇ ಜಂಬೂಸವಾರಿಯ ದಿನವೂ ಬೆಳಿಗ್ಗೆ ಯಾರಾದರೊಬ್ಬರು ಲ್ಯಾಬಿಗೆ ಬಂದೇ ಬರುತ್ತಾರೆ.

ಮೊದಲನೇ ವರ್ಷ ಇದೆಲ್ಲ ಸರಿಯಾಗಿಯೇ ಮಾಡಿ, ಆದರೂ ದೊಡ್ಡ ತಪ್ಪು ಮಾಡಿದೆವು. ಎರಡು ದೊಡ್ಡ ಟಬ್ಬು ತಂದು ಒಂದರಲ್ಲಿ 26 ಡಿಗ್ರಿ, ಇನ್ನೊಂದರಲ್ಲಿ 32 ಡಿಗ್ರಿ ನೀರು. ಒಂದೊಂದು ಟಬ್ಬಿನಲ್ಲಿ ಆರಾರು ಟ್ಯಾಂಕು ಮುಳುಗಿಸಿಟ್ಟೆವು. ಒಂದೇ ಹೀಟರಿಗೆ ಆರು ಟ್ಯಾಂಕು ಬೆಚ್ಚಗಾದವು, ಖರ್ಚೂ ಕಮ್ಮಿ. ನಾಲ್ಕು ತಿಂಗಳು ಎಣಿಸಿ ಬರೆದೆವು. ಫಲಿತಾಂಶ ತೋರಿಸಿದಾಗ ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದೇ ಮಾತು ಕೇಳಿದರು. ‘ನಿಮ್ಮ ಹತ್ತಿರ ಆರು ಬಿಸಿ ಟ್ಯಾಂಕು ಇದೆಯೋ, ಒಂದು ಬಿಸಿ ಟಬ್ಬು ಇದೆಯೋ?’

ನನಗೆ ತಕ್ಷಣ ತಲೆಗೆ ಹೋಗಲಿಲ್ಲ. ಊರಿಗೆ ಹೋದಾಗ ಹೋಯಿತು. ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ಚಿಕ್ಕಪ್ಪ ವಿ.ಸಿ. ಫಾರ್ಮಿನಲ್ಲಿ ಭತ್ತದ ಪ್ರಯೋಗದ ಗದ್ದೆಗಳಲ್ಲಿ ವರ್ಷಗಟ್ಟಲೆ ಕೂಲಿ ಮಾಡಿದವರು. ಊಟಕ್ಕೆ ಕೂತಾಗ ಅವರಿಗೆ ಈ ಕಥೆ ಹೇಳಿದೆ. ಅವರು ಮುದ್ದೆ ಮುರಿಯುತ್ತಾ, ‘ಒಂದು ತಳೀನೆಲ್ಲ ತೂಬಿನ ಹತ್ರಾನೇ ಹಾಕ್ಬುಟ್ರೆ ಹೆಂಗೆ? ಬೆಳೆ ಚೆನ್ನಾಗ್ ಬಂದಿದ್ದು ತಳಿಗೋ ನೀರಿಗೋ?’ ಅಂದರು. ಫಾರ್ಮಿನಲ್ಲಿ ಒಂದೊಂದು ತಳಿಯನ್ನೂ ಪುಟ್ಟ ಪುಟ್ಟ ಮಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಹಾಕುತ್ತಾರೆ, ಯಾವುದು ಎಲ್ಲಿ ಅಂತ ಮುಂಚೆಯೇ ಚೀಟಿ ಬರೆದಿರುತ್ತಾರೆ, ನಾಟಿ ಮಾಡುವ ಹೆಂಗಸರಿಗೆ ಅದನ್ನು ತಪ್ಪದೆ ನಡೆಸುವುದೇ ದೊಡ್ಡ ತಲೆನೋವು ಅಂತೆಲ್ಲ ವಿವರಿಸಿದರು. ನಾನು ತಟ್ಟೆ ಮುಂದೆ ಸುಮ್ನೆ ಕೂತುಬಿಟ್ಟೆ. ನಮ್ಮ ಆರು ಟ್ಯಾಂಕೂ ಒಂದೇ ತೂಬಿನ ಹತ್ತಿರ ಇದ್ದವು. ಆ ಒಂದು ಟಬ್ಬಿನಲ್ಲಿ ಬಿಸಿಯ ಹೊರತು ಬೇರೆ ಏನಾದರೂ ಇದ್ದಿದ್ದರೆ, ಕಿಟಕಿಯ ಬೆಳಕೋ, ಹೀಟರಿನ ಲೋಹವೋ, ಆರಕ್ಕೂ ಅದು ಒಟ್ಟಿಗೇ ತಟ್ಟುತ್ತಿತ್ತು. 1984ರಲ್ಲಿ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಈ ತಪ್ಪಿಗೆ ಸೂಡೋರೆಪ್ಲಿಕೇಶನ್, ಅಂದರೆ ಸುಳ್ಳು ಪುನರಾವರ್ತನೆ, ಅಂತ ಹೆಸರಿಟ್ಟು ಒಂದು ಲೇಖನವನ್ನೇ ಬರೆದಿದ್ದಾರೆ. ನಾನು ಅದನ್ನು ಓದಿದ್ದೆ ಕೂಡ. ಅರ್ಥವಾಗಿದ್ದು ಮಾತ್ರ ಮುದ್ದೆ ಊಟದಲ್ಲಿ.

ಎರಡನೇ ವರ್ಷ ಟಬ್ಬು ತೆಗೆದೆವು. ಹನ್ನೆರಡು ಟ್ಯಾಂಕಿಗೆ ಹನ್ನೆರಡು ಹೀಟರು, ಹನ್ನೆರಡು ಗಾಳಿ ಕಲ್ಲು. ಒಂದರ ನೀರು ಇನ್ನೊಂದಕ್ಕೆ ಸೇರುವುದಿಲ್ಲ. ಯಾವ ಟ್ಯಾಂಕು 26, ಯಾವುದು 32 ಅಂತ ಚೀಟಿ ಎತ್ತಿದೆವು. ಕೋಣೆಗೆ ಎಸಿ ಹಾಕಿಸಿ 23ಕ್ಕೆ ಇಟ್ಟೆವು, ಆಗ ಎಲ್ಲ ಟ್ಯಾಂಕಿನಲ್ಲೂ ಹೀಟರ್ ಕೆಲಸ ಮಾಡುತ್ತಲೇ ಇರುತ್ತದೆ. 26ರ ಟ್ಯಾಂಕಿಗೂ ಅದೇ ಕಂಪನಿಯ ಅದೇ ಹೀಟರ್. ಬೆಳಕು ದಿನಕ್ಕೆ 12 ಗಂಟೆ. ಎಲ್‌ಇಡಿ ಪಟ್ಟಿಯ ಅಂಚಿನಲ್ಲಿ ಬೆಳಕು ಕಮ್ಮಿ ಬೀಳುತ್ತಿತ್ತು, ಸಾದಾ ಲಕ್ಸ್ ಮೀಟರ್ ಹಿಡಿದು ಎಲ್ಲ ಕಡೆ ಒಂದೇ ಬರುವವರೆಗೆ ಎತ್ತರ ಸರಿಮಾಡಿದೆವು. ಒಂದೇ ಥರದ ದೀಪದ ಕೆಳಗೆ ಹೋಲಿಸಿ ನೋಡುವುದಕ್ಕೆ ಅಷ್ಟು ಸಾಕು. ಹೀಗೆ ಒಂದನ್ನು ಬದಲಾಯಿಸುವುದಕ್ಕೆ ಉಳಿದ ಇಪ್ಪತ್ತನ್ನು ಕಟ್ಟಿ ಹಿಡಿಯಬೇಕು. ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ಹಿಡಿಯುವುದೇ. ಬೇಸರದ ಕೆಲಸ ಅಂತ ಯಾರಾದರೂ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ನಾನು ಇದನ್ನು ಇಷ್ಟಪಟ್ಟು ಮಾಡುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ 5ನೇ ಟ್ಯಾಂಕು 34 ಡಿಗ್ರಿ ತೋರಿಸುತ್ತಿತ್ತು. ಅದು 26 ಇರಬೇಕಾದದ್ದು. ಹೀಟರಿನ ಒಳಗಿನ ಸ್ವಿಚ್ಚಿನ ಎರಡು ತುದಿ ಅಂಟಿಕೊಂಡು, ಆಫ್ ಆಗುವುದನ್ನೇ ನಿಲ್ಲಿಸಿತ್ತು. ಹೂವುಗಳೆಲ್ಲ ಗುಂಡಿಯ ಹಾಗೆ ಮುದುಡಿದ್ದವು. ಸುತ್ತ ಕಂದು ನೂಲಿನಂಥ ಲೋಳೆ. ಅದು ಅವು ಉಗುಳಿದ ಪಾಚಿ. ಬಹಳ ಸಂಕಟವಾಯಿತು. ಆದರೆ ಹಳೇ ಟಬ್ಬಿನಲ್ಲಿ ಇದಾಗಿದ್ದರೆ 26ರ ಗುಂಪು ಪೂರ್ತಿ ಹೋಗುತ್ತಿತ್ತು, ಪ್ರಯೋಗವೇ ಮುಗಿಯುತ್ತಿತ್ತು. ಈಗ ಆರರಲ್ಲಿ ಒಂದು ಹೋಯಿತು, ಐದು ಉಳಿದವು. ಅವತ್ತಿನಿಂದ ಒಂದೊಂದು ಹೀಟರಿನ ಹಿಂದೆಯೂ ಬೇರೆಯದೇ ಒಂದು ಕಂಟ್ರೋಲರ್ ಇದೆ. ಹೀಟರ್ ಮಾತು ಕೇಳದಿದ್ದರೆ ಅದು ಕರೆಂಟು ಕತ್ತರಿಸುತ್ತದೆ.

ವಾರಕ್ಕೆ ಎರಡು ದಿನ ಊಟ. ಆರ್ಟೀಮಿಯಾ ಅಂದರೆ ಉಪ್ಪು ನೀರಿನ ಪುಟ್ಟ ಸಿಗಡಿಯಂಥ ಜೀವಿ, ಅದರ ಮೊಟ್ಟೆ ಬೆಲ್ಲದ ಪುಡಿಯ ಬಣ್ಣದ್ದು. ಉಪ್ಪು ನೀರಿನ ಬಾಟಲಿಗೆ ಹಾಕಿ ಗಾಳಿ ಬಿಟ್ಟರೆ ಸುಮಾರು ಒಂದು ದಿನದಲ್ಲಿ ಮರಿಯಾಗುತ್ತದೆ. ಕಿತ್ತಳೆ ಬಣ್ಣದ ಚುಕ್ಕೆಗಳು ಬೆಳಕಿನ ಕಡೆಗೆ ಈಜಿ ಬರುತ್ತವೆ. ಡ್ರಾಪರಿನಲ್ಲಿ ಒಂದು ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ. ಮರಿ ಕುಪ್ಪಳಿಸುತ್ತಾ ಹೂವಿನ ಎಸಳಿಗೆ ತಾಗಿದ ಕ್ಷಣ ಅಲ್ಲೇ ನಿಲ್ಲುತ್ತದೆ. ಎಸಳಿನ ತುಂಬ ಇರುವ ಮುಳ್ಳಿನಂಥ ಕಣಗಳು ಚುಚ್ಚಿರುತ್ತವೆ. ಎಸಳು ನಿಧಾನವಾಗಿ ಬಾಗಿ ಬಾಯಿಗೆ ಕೊಡುತ್ತದೆ. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಜಾಗ ತಿಳಿ ಕಿತ್ತಳೆಯಾಗುತ್ತದೆ. ಆರೋಗ್ಯವಾಗಿರುವ ಹೂವಿನ ಎಸಳಿನೊಳಗೆ ಕಂದು ಗುಂಡುಗಳು ರಾಗಿ ತುಂಬಿದ ಹಾಗೆ ಒತ್ತೊತ್ತಾಗಿ ಕಾಣುತ್ತವೆ. ನೀಲಿ ಬೆಳಕು ಬಿಟ್ಟು ಫಿಲ್ಟರ್ ಹಾಕಿ ನೋಡಿದರೆ ಅದೇ ಗುಂಡುಗಳು ಕೆಂಪಗೆ ಹೊಳೆಯುತ್ತವೆ, ಅದು ಪಾಚಿಯೊಳಗಿನ ಕ್ಲೋರೋಫಿಲ್ ಎಂಬ ಹಸಿರು ಬಣ್ಣದ ವಸ್ತು ಕೊಡುವ ಹೊಳಪು. 32ರ ಟ್ಯಾಂಕಿನಿಂದ ತೆಗೆದ ಹೂವನ್ನು ಹಾಗೇ ಇಟ್ಟರೆ ಕಪ್ಪು. ಬರೀ ಗಾಜಿನಂಥ ಮೈ. ಆದರೂ ಎಸಳು ಆಡಿಸುತ್ತಿರುತ್ತದೆ, ಊಟ ಕೊಟ್ಟರೆ ಹಿಡಿಯುತ್ತದೆ.

ಬಿಳಿಚಿದವುಗಳಲ್ಲಿ ಹತ್ತನ್ನು ಬೇರೆ ಟ್ಯಾಂಕಿಗೆ ಹಾಕಿ, ದಿನಕ್ಕೆ ಒಂದು ಡಿಗ್ರಿಯಂತೆ ಇಳಿಸಿ 26ಕ್ಕೆ ತಂದು, ಊಟ ಕೊಡುತ್ತಾ ಬಂದೆವು. ಮೊದಲ ಎರಡು ವಾರ ಏನೂ ಇಲ್ಲ. ಪ್ರತಿ ಗುರುವಾರ ದೀಪ ಆರಿಸಿ, ಪರದೆ ಎಳೆದು, ನೀಲಿ ಬೆಳಕಿನಲ್ಲಿ ಒಂದೊಂದಾಗಿ ನೋಡುವುದು, ಪುಸ್ತಕದಲ್ಲಿ ಸೊನ್ನೆ ಬರೆಯುವುದು. ಮೂರನೇ ಗುರುವಾರ ಎಣಿಸುತ್ತಿದ್ದದ್ದು ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಅವಳು ಕಣ್ಣು ತೆಗೆಯದೆಯೇ ನನ್ನ ತೋಳು ಹಿಡಿದು ಎಳೆದಳು. 7ನೇ ಹೂವಿನ ಒಂದು ಎಸಳಿನ ಬುಡದಲ್ಲಿ ಕೆಂಪು ಚುಕ್ಕೆ ಇತ್ತು. ನಾನು ನೋಡಿದೆ, ಫೋಕಸ್ ತಿರುಗಿಸಿದೆ, ಇನ್ನೊಮ್ಮೆ ನೋಡಿದೆ. ಮೂರು ಇದ್ದವು. ಅವಳು ಪುಸ್ತಕ ತೆಗೆದುಕೊಂಡು, ಮೊಬೈಲ್ ಬೆಳಕನ್ನು ಕೈಯಲ್ಲಿ ಮರೆಮಾಡಿಕೊಂಡು, ಏಳರ ಮುಂದೆ 3 ಅಂತ ಬರೆದಳು. ಆಮೇಲೆ 8ನೇದನ್ನು ಲೆನ್ಸಿನ ಕೆಳಗೆ ಇಟ್ಟಳು.